ಅಥೆನ್ಸಿಗೆ ಗೂಬೆ, ಸುಂಟಿಕೊಪ್ಪಕ್ಕೆ ಕಾಫಿಪುಡಿ: ಒಂದು ಇಂಗ್ಲಿಷ್ ನುಡಿಗಟ್ಟನ್ನು ಬಿಡಿಸುವ ಬಗೆ

ನಮ್ಮ ಮನೆ ಜಗಲಿಯಲ್ಲಿ ಸಂಜೆ ಐದೂವರೆಗೆ ಟ್ಯೂಷನ್ ಶುರು. ಹತ್ತನೇ ಕ್ಲಾಸಿನ ಒಂಬತ್ತು ಮಕ್ಕಳು. ಮಳೆಗಾಲದಲ್ಲಿ ಕರೆಂಟ್ ಇದ್ದರೆ ಗ್ರಾಮರ್, ಇಲ್ಲದಿದ್ದರೆ ಕತೆ. ಹೋದ ಜುಲೈನಲ್ಲಿ ಒಂದು ಸಂಜೆ, ಕರೆಂಟ್ ಇದ್ದಾಗಲೇ, ಒಬ್ಬ ಹುಡುಗನ ನೋಟ್ಸ್ ನೋಡುತ್ತಾ ಪೆನ್ನು ಕೆಳಗಿಟ್ಟೆ. ‘ಕ್ಯಾರಿ ಕೋಲ್ಸ್ ಟು ನ್ಯೂಕ್ಯಾಸಲ್’ ಅನ್ನೋದನ್ನು ವಾಕ್ಯದಲ್ಲಿ ಬಳಸಿ ಅಂತ ಪ್ರಶ್ನೆ. ಅವನು ಬರೆದದ್ದರ ತಾತ್ಪರ್ಯ ಇಷ್ಟು: ‘ರಾತ್ರಿಯೆಲ್ಲ ಓದಿದೆ, ಆದರೂ ಲೆಕ್ಕದಲ್ಲಿ ಫೇಲಾದೆ. ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಹೊತ್ತಂತಾಯಿತು.’

ತಪ್ಪು ಅವನದ್ದಲ್ಲ. ಅವನ ಗೈಡಿನಲ್ಲಿ ಈ ನುಡಿಗಟ್ಟಿನ ಎದುರಿಗೆ ‘ವ್ಯರ್ಥ ಪ್ರಯತ್ನ’ ಅಂತ ಎರಡೇ ಪದ ಇತ್ತು. “ಓದಿದ್ದು ವ್ಯರ್ಥ ಆಯ್ತಲ್ಲ ಮಿಸ್, ಮತ್ತೆ ಸರಿ ಅಲ್ವಾ?” ಅಂದ. ಸರಿ ಅಲ್ಲ. ಯಾಕೆ ಅಲ್ಲ ಅಂತ ಹೇಳೋಕೆ ನನಗೆ ನಾಲ್ಕು ಸಂಜೆ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಹೇಳಿಕೊಡುವವರಿಗೆ ಉಪಯೋಗ ಆದೀತು. ಸುಮ್ನೆ ಓದುವವರಿಗೂ ಅಡ್ಡಿಯಿಲ್ಲ.

ಮೊದಲ ಕೆಲಸ, ‘ವ್ಯರ್ಥ’ ಅನ್ನೋ ಪದವನ್ನು ಒಡೆಯಬೇಕು. ಕೊಯ್ದು ತಂದ ಕಾಫಿಯನ್ನು ಸಂಜೆ ಕಣದಲ್ಲಿ ಸುರಿದು ಹಣ್ಣು ಬೇರೆ, ಹಸಿರುಕಾಯಿ ಬೇರೆ ಮಾಡುತ್ತೇವಲ್ಲ, ಹಾಗೆ. ಎಲ್ಲ ವ್ಯರ್ಥವೂ ಒಂದೇ ಜಾತಿ ಅಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಬಾರಿಸುವವನದ್ದು ತಪ್ಪಿಲ್ಲ, ಕೋಣಕ್ಕೆ ಅದು ಬೇಡ. ಬೆಟ್ಟ ಅಗೆದು ಇಲಿ ಹಿಡಿದರೆ ಏನೋ ಒಂದು ಸಿಕ್ಕಿತು, ಆದರೆ ಪಟ್ಟ ಪಾಡಿಗೆ ಸಾಲದು. ನೀರಲ್ಲಿ ಹೋಮ ಮಾಡಿದರೆ ಹಾಕಿದ್ದೇ ನಿಲ್ಲುವುದಿಲ್ಲ. ಗ್ರೀಕರಲ್ಲೂ ಇಂಥ ವಿಂಗಡಣೆ ಇತ್ತು. ಸಿಸಿಫಸ್ ಬಂಡೆ ಉರುಳಿಸುತ್ತಾನೆ, ತುದಿ ಮುಟ್ಟುವಷ್ಟರಲ್ಲಿ ಅದು ಕೆಳಗೆ ಬರುತ್ತದೆ. ಅದು ಮುಗಿಯದ ಕೆಲಸ. ಡನಾಸ್‌ನ ಹೆಣ್ಣುಮಕ್ಕಳು ತೂತು ಕೊಡಕ್ಕೆ ನೀರು ಹೊಯ್ಯುತ್ತಾರೆ. ಅದು ತುಂಬದ ಕೆಲಸ. ನಮ್ಮ ಹುಡುಗನ ಲೆಕ್ಕದ ಓದು ಈ ಎರಡನೆಯದಕ್ಕೆ ಹತ್ತಿರ. ನೀರಲ್ಲಿ ಹೋಮ ಅಂದರೂ ಆಗುತ್ತದೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅಂದರೂ ಆಗುತ್ತದೆ.

ನ್ಯೂಕ್ಯಾಸಲ್‌ನದ್ದು ಇದ್ಯಾವುದೂ ಅಲ್ಲ. ಅಲ್ಲಿ ಸಾಮಾನು ಒಳ್ಳೆಯದೇ, ಹೊತ್ತವನೂ ಗಟ್ಟಿಗನೇ. ಹೋದ ಊರು ತಪ್ಪು. ಆ ಊರಲ್ಲಿ ಆಗಲೇ ಅದರ ರಾಶಿ ಬಿದ್ದಿದೆ.

ಇದನ್ನು ಹೇಳುವಾಗ ನನಗೆ ನನ್ನ ಮದುವೆ ನೆನಪಾಯಿತು. ಮಕ್ಕಳಿಗೂ ಹೇಳಿದೆ. ನಾನು ಕೆ.ಆರ್. ನಗರದ ಕಡೆಯವಳು. ಭತ್ತ, ಕಬ್ಬು ಗೊತ್ತು, ಕಾಫಿ ಗಿಡ ನೋಡಿದ್ದೇ ಮದುವೆಯಾದ ಮೇಲೆ. 1996ರ ಜನವರಿಯಲ್ಲಿ ಅಪ್ಪ ನನ್ನನ್ನು ಇಲ್ಲಿಗೆ ಬಿಡಲು ಬಂದರು. ಬೀಗರ ಮನೆಗೆ ಬರಿಗೈಯಲ್ಲಿ ಹೋಗೋದು ಹೇಗೆ ಅಂತ ಮೈಸೂರಲ್ಲಿ ಬಸ್ ಇಳಿದು, ಅಂಗಡಿಯಲ್ಲಿ ನಿಂತು, ಎದುರಿಗೇ ಪುಡಿ ಮಾಡಿಸಿ, ಎರಡು ಕೆಜಿ ಕಾಫಿಪುಡಿ ಕಟ್ಟಿಸಿದರು. ಪೊಟ್ಟಣ ಇನ್ನೂ ಬೆಚ್ಚಗಿತ್ತು. ಕೊಡಗಿನ ಈ ಸುಂಟಿಕೊಪ್ಪದಲ್ಲಿ ಇಳಿದು ಮನೆ ಅಂಗಳಕ್ಕೆ ಬಂದರೆ ಕಣದ ತುಂಬ ಕಾಫಿ. ಕಾಲಿಡಲು ಜಾಗ ಇಲ್ಲ. ಮಾವ ಕೈಯಲ್ಲಿ ಕುಂಟೆ ಹಿಡಿದು ಕಾಯಿ ಹರಡುತ್ತಿದ್ದರು. ಅಪ್ಪ ಪೊಟ್ಟಣ ಮುಂದೆ ಮಾಡಿದರು. ಮಾವ ಪೊಟ್ಟಣ ನೋಡಿದರು, ಕಣ ನೋಡಿದರು, ಮತ್ತೆ ಪೊಟ್ಟಣ ನೋಡಿದರು. ಏನೂ ಅನ್ನಲಿಲ್ಲ, ದೊಡ್ಡ ಮನುಷ್ಯ. ನನ್ನ ಮೈದುನನಿಗೆ ಅಷ್ಟು ತಾಳ್ಮೆ ಇರಲಿಲ್ಲ. “ಅಪ್ಪಾ, ಬೀಗರು ಕಾಫಿಗೇ ಕಾಫಿ ತಂದಿದ್ದಾರೆ” ಅಂತ ಒಳಗೆ ಓಡಿ ನಕ್ಕ. ಅಪ್ಪನ ಕಿವಿ ಕೆಂಪಾಗಿದ್ದು ನನಗೆ ಇವತ್ತಿಗೂ ಕಾಣುತ್ತದೆ.

ಮಕ್ಕಳಿಗೆ ಅಲ್ಲಿಗೇ ಅರ್ಥ ಆಯಿತು. ಗೈಡ್ ಬೇಕಾಗಲಿಲ್ಲ.

ಎರಡನೇ ಕೆಲಸ, ಆ ಊರಿನ ರಾಶಿ ಯಾವುದು ಅಂತ ನೋಡುವುದು. ನ್ಯೂಕ್ಯಾಸಲ್ ಇರುವುದು ಇಂಗ್ಲೆಂಡಿನ ಈಶಾನ್ಯದಲ್ಲಿ, ಟೈನ್ ನದಿ ದಂಡೆಯಲ್ಲಿ. ಸುತ್ತ ಗಣಿಗಳು. ಗಣಿಯಿಂದ ಬಂದ ಕಲ್ಲಿದ್ದಲನ್ನು ಕೀಲ್ ಅನ್ನೋ ಚಪ್ಪಟೆ ದೋಣಿಗಳಲ್ಲಿ ತುಂಬಿ ದೊಡ್ಡ ಹಡಗಿಗೆ ಸಾಗಿಸಿ, ಅಲ್ಲಿಂದ ಸಮುದ್ರದ ಮೇಲೆ ಲಂಡನ್ನಿಗೆ ಕಳಿಸುತ್ತಿದ್ದರು. ಲಂಡನ್ನಿನ ಒಲೆಗಳೆಲ್ಲ ಉರಿದದ್ದು ಇದರಿಂದಲೇ. ಕಡಲ ದಾರಿಯಲ್ಲಿ ಬಂದಿದ್ದಕ್ಕೆ ಅದನ್ನು ‘ಸೀ ಕೋಲ್’ ಅಂತಲೇ ಕರೆದರು. 1600ರಲ್ಲಿ ರಾಣಿ ಎಲಿಜಬೆತ್ ಈ ವ್ಯಾಪಾರದ ಹಿಡಿತವನ್ನು ಅಲ್ಲಿನ ಹೋಸ್ಟ್‌ಮನ್ ಅನ್ನೋ ವರ್ತಕರ ಕೂಟಕ್ಕೆ ಸನ್ನದು ಕೊಟ್ಟು ಒಪ್ಪಿಸಿದಳು. ಅಂಥ ಊರಿಗೆ ಯಾರಾದರೂ ಹೊರಗಿನಿಂದ ಕಲ್ಲಿದ್ದಲು ಹೊತ್ತುಕೊಂಡು ಹೋದರೆ? ನನ್ನ ಮೈದುನನ ಹಾಗೆ ನಗುವವರು ಬೀದಿಗೊಬ್ಬರು ಸಿಗುತ್ತಾರೆ.

ಸುಮಾರು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಮೂರನೇ ಕೆಲಸವೇ ರುಚಿಯಾದದ್ದು: ಈ ನಗು ಮೊದಲು ನಕ್ಕವರು ಯಾರು ಅಂತ ಹಿಂದಕ್ಕೆ ಹೋಗಬೇಕು. ಇಂಗ್ಲಿಷಿನವರು ಕಲ್ಲಿದ್ದಲು ತುಂಬಿದ್ದು ಹಳೇ ಅಚ್ಚಿಗೆ. ಆ ಅಚ್ಚು ಗ್ರೀಕರದ್ದು, ಅದರೊಳಗೆ ಇದ್ದದ್ದು ಗೂಬೆ. ‘ಗ್ಲೌಕ್ ಎಯ್ಸ್ ಅಥೇನಾಸ್’, ಅಂದರೆ ಅಥೆನ್ಸಿಗೆ ಗೂಬೆ.

ನಾನು ‘ಗೂಬೆ’ ಅಂದ ಕೂಡಲೇ ಒಂಬತ್ತೂ ಮಕ್ಕಳು ನಕ್ಕವು. ಒಬ್ಬಳು, “ಯಾರ ಮೇಲೆ ಕೂರಿಸೋಕೆ ಮಿಸ್?” ಅಂದಳು. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ನಮ್ಮಲ್ಲಿ ಗೂಬೆ ಅಂದರೆ ಪೆದ್ದ, ಗೂಬೆ ಅಂದರೆ ಅಪಶಕುನ, ತಪ್ಪು ಬೇರೆಯವರ ಮೇಲೆ ಹೊರಿಸಿದರೆ ಗೂಬೆ ಕೂರಿಸಿದ ಹಾಗೆ. ಆ ನಮ್ಮ ಗೂಬೆಯನ್ನು ಜಗಲಿಯಾಚೆ ಹಾರಿಸಿಬಿಟ್ಟು ಮುಂದೆ ಹೋಗಬೇಕು. ಅಥೆನ್ಸಿನಲ್ಲಿ ಗೂಬೆ ಅಥೀನಾ ದೇವಿಯ ಹಕ್ಕಿ. ಅಥೀನಾ ಅಂದರೆ ಬುದ್ಧಿಯ ದೇವತೆ, ಊರಿನ ಹೆಸರೇ ಅವಳದ್ದು. ಇನ್ನೊಂದು ಮಜಾ ಇದೆ. ಅಲ್ಲಿನ ಆ ಪುಟ್ಟ ಗೂಬೆಗೆ ಹಕ್ಕಿಶಾಸ್ತ್ರದವರು ಇಟ್ಟ ಹೆಸರು ‘ಅಥೀನೆ ನಾಕ್ಟುವಾ’. ನಮ್ಮ ಕಡೆ ಹಳೇ ಮರದ ಪೊಟರೆಯಲ್ಲಿ ಕೂತು ಸಂಜೆಗೆ ಕಿಚಕಿಚ ಕೂಗುವ, ಮೈ ತುಂಬ ಬಿಳಿ ಚುಕ್ಕೆಯ ಸಣ್ಣ ಗೂಬೆ ‘ಅಥೀನೆ ಬ್ರಾಮಾ’. ಒಂದೇ ಮನೆತನ. ಆ ದೇವಿಯ ಹೆಸರು ನಮ್ಮ ಗೂಬೆಗೂ ಬಂದಿದೆ, ನಾವು ಮಾತ್ರ ಅದನ್ನು ಕಂಡರೆ ಕಲ್ಲು ಹುಡುಕುತ್ತೇವೆ.

ಈಗ ನಾಟಕಕ್ಕೆ ಬರೋಣ. ಕ್ರಿ.ಪೂ. 414ರಲ್ಲಿ ಅರಿಸ್ಟೊಫನೀಸ್ ‘ಹಕ್ಕಿಗಳು’ ಅನ್ನೋ ನಾಟಕ ಆಡಿಸಿದ. ಹಾಸ್ಯ ನಾಟಕ, ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಅಥೆನ್ಸಿನ ಇಬ್ಬರು ಊರಿನ ಕೋರ್ಟು ಕಚೇರಿ ಗಲಾಟೆಗೆ ಬೇಸತ್ತು ಮನೆ ಬಿಟ್ಟು ಹಕ್ಕಿಗಳ ನಾಡಿಗೆ ಹೋಗುತ್ತಾರೆ. ಅಲ್ಲಿ ಹೂಪೋ, ನಮ್ಮ ಚಂದ್ರಮುಕುಟ, ಉಳಿದ ಹಕ್ಕಿಗಳನ್ನೆಲ್ಲ ಕೂಗಿ ಕರೆಯುತ್ತದೆ. ಒಂದೊಂದೇ ಹಕ್ಕಿ ರಂಗಕ್ಕೆ ಬರುತ್ತದೆ, ಹೂಪೋ ಹೆಸರು ಹೇಳುತ್ತಾ ಹೋಗುತ್ತದೆ. ಅದು ಇಂಥದ್ದು, ಇದು ಇಂಥದ್ದು, ಓ ಅದು ಗೂಬೆ. ಆಗ ಇಬ್ಬರಲ್ಲಿ ಒಬ್ಬ, ಯುಯೆಲ್ಪಿಡೀಸ್, ಥಟ್ಟನೆ ಕೇಳುತ್ತಾನೆ: ಏನು, ಅಥೆನ್ಸಿಗೆ ಗೂಬೆ ತಂದವರು ಯಾರು?

ಇದನ್ನು ನಾನು ಮಕ್ಕಳ ಹತ್ತಿರ ಆಡಿಸಿಯೇ ತೋರಿಸಿದೆ, ಯಾಕೆಂದರೆ ಬರೀ ಓದಿದರೆ ಆ ಚೇಷ್ಟೆ ತಪ್ಪಿಹೋಗುತ್ತದೆ. ಕತೆಯಲ್ಲಿ ಅವನು ನಿಂತಿರುವುದು ಅಥೆನ್ಸಿನಲ್ಲಿ ಅಲ್ಲ, ದೂರದ ಹಕ್ಕಿಗಳ ನಾಡಿನಲ್ಲಿ. ಆದರೆ ನಾಟಕ ನಡೆಯುತ್ತಿರುವುದು ಅಥೆನ್ಸಿನ ರಂಗದಲ್ಲಿ, ಎದುರಿಗೆ ಕೂತಿರುವವರು ಅಥೆನ್ಸಿನವರು. ಅವನು ಒಂದೇ ಮಾತಿನಲ್ಲಿ ಪಾತ್ರ ಬಿಟ್ಟು ಊರಿನವನಾಗಿಬಿಟ್ಟ. ನಮ್ಮೂರ ಶಾಲೆ ವಾರ್ಷಿಕೋತ್ಸವದಲ್ಲಿ ರಾಮ, ಲಂಕೆಯಲ್ಲಿ ನಿಂತು, “ಸುಂಟಿಕೊಪ್ಪ ಸಂತೆಗೆ ಇವತ್ತು ಯಾರೋ ಕಾಫಿ ಮಾರೋಕೆ ಬಂದಿದ್ದಾರಂತೆ” ಅಂದರೆ ಹೇಗಿರುತ್ತೋ ಹಾಗೆ. ನಗು ಬಂತು ಅಂದರೆ ಗಾದೆ ಆಗಲೇ ಎಲ್ಲರ ಬಾಯಲ್ಲಿ ಇತ್ತು ಅಂತ ಅರ್ಥ. ಕೇಳುಗರಿಗೆ ಗೊತ್ತಿಲ್ಲದ ಗಾದೆ ಇಟ್ಟುಕೊಂಡು ಯಾರೂ ಇಷ್ಟು ಚಿಕ್ಕದಾಗಿ ತಮಾಷೆ ಮಾಡುವುದಿಲ್ಲ.

ಗೂಬೆ ಅಲ್ಲಿ ಬರೀ ಹಕ್ಕಿ ಅಲ್ಲ, ದುಡ್ಡೂ ಹೌದು. ಅಥೆನ್ಸಿನ ಬೆಳ್ಳಿ ನಾಣ್ಯದ ಒಂದು ಮುಖದಲ್ಲಿ ಅಥೀನಾ ದೇವಿಯ ತಲೆ, ಇನ್ನೊಂದು ಮುಖದಲ್ಲಿ ನಮ್ಮನ್ನೇ ಗುಡ್ಡೆಗಣ್ಣು ಬಿಟ್ಟು ನೋಡುವ ಗೂಬೆ, ಪಕ್ಕದಲ್ಲಿ ಆಲಿವ್ ಎಲೆಯ ಚಿಗುರು. ನಾಲ್ಕು ಡ್ರಾಕ್ಮಾದ ಒಂದು ನಾಣ್ಯ ಸುಮಾರು 17 ಗ್ರಾಂ ತೂಗುತ್ತಿತ್ತು. ಬೆಳ್ಳಿ ಬರುತ್ತಿದ್ದದ್ದು ಹತ್ತಿರದ ಲಾರಿಯನ್ ಗಣಿಯಿಂದ. ಕ್ರಿ.ಪೂ. 483ರ ಹೊತ್ತಿಗೆ ಅಲ್ಲಿ ಒಳ್ಳೆ ಬೆಳ್ಳಿ ಸಿಕ್ಕಾಗ ತಲೆಗಿಷ್ಟು ಅಂತ ಹಂಚಿಕೊಳ್ಳೋಣ ಅಂತ ಊರವರು ಹೊರಟಿದ್ದರು. ಬೇಡ, ಹಡಗು ಕಟ್ಟೋಣ ಅಂದವನು ತೆಮಿಸ್ಟೊಕ್ಲಿಸ್. ಮೂರು ವರ್ಷಕ್ಕೆ ಸಲಾಮಿಸ್‌ನಲ್ಲಿ ಪರ್ಷಿಯಾದವರನ್ನು ಸೋಲಿಸಿದ್ದು ಆ ಹಡಗುಗಳೇ. ಹಾಗಾಗಿ ಗಾದೆಯನ್ನು ‘ಅಥೆನ್ಸಿಗೆ ಹಕ್ಕಿ’ ಅಂತಲೂ ಓದಬಹುದು, ‘ಅಥೆನ್ಸಿಗೆ ಬೆಳ್ಳಿ’ ಅಂತಲೂ ಓದಬಹುದು. ಎರಡೂ ಹೊಂದುತ್ತದೆ. ಅದೇ ನಾಟಕದಲ್ಲಿ ಹಕ್ಕಿಗಳು ತೀರ್ಪುಗಾರರಿಗೆ ಆಸೆ ತೋರಿಸುತ್ತವೆ: ನಮಗೆ ಬಹುಮಾನ ಕೊಡಿ, ಲಾರಿಯನ್ನಿನ ಗೂಬೆಗಳು ನಿಮ್ಮ ಚೀಲದಲ್ಲೇ ಗೂಡು ಕಟ್ಟಿ ಚಿಲ್ಲರೆ ಮರಿ ಹಾಕುತ್ತವೆ ಅಂತ.

ಗೂಬೆ ಅಂದರೆ ದುಡ್ಡು ಅನ್ನೋದಕ್ಕೆ ಹಳೇ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳಿದ ಒಂದು ಕತೆ ಇದೆ. ಕರೆಂಟ್ ಹೋದ ಸಂಜೆಗೆ ಅಂತಲೇ ಇಟ್ಟುಕೊಂಡಿದ್ದೆ. ಅಥೆನ್ಸನ್ನು ಸೋಲಿಸಿದ ಸ್ಪಾರ್ಟಾದ ದಂಡನಾಯಕ ಲೈಸಾಂಡರ್ ಬೆಳ್ಳಿ ನಾಣ್ಯವನ್ನೆಲ್ಲ ಮೂಟೆ ಕಟ್ಟಿ ಗಿಲಿಪ್ಪಸ್ ಅನ್ನುವವನ ಜೊತೆ ಊರಿಗೆ ಕಳಿಸಿದ. ಗಿಲಿಪ್ಪಸ್ ಸಾಮಾನ್ಯ ಅಲ್ಲ, ಯುದ್ಧದಲ್ಲಿ ಹೆಸರು ಮಾಡಿದವನು. ದಾರಿಯಲ್ಲಿ ಅವನಿಗೆ ಆಸೆ ಹುಟ್ಟಿತು. ಬಾಯಿ ಬಿಚ್ಚಿದರೆ ಮುದ್ರೆ ಒಡೆಯುತ್ತದೆ ಅಂತ ಮೂಟೆಯ ತಳದ ಹೊಲಿಗೆ ಬಿಚ್ಚಿದ, ಒಂದೊಂದರಿಂದ ಇಷ್ಟಿಷ್ಟು ತೆಗೆದ, ಮತ್ತೆ ಹೊಲಿದ. ಕದ್ದದ್ದನ್ನು ಮನೆಯ ಹೆಂಚಿನ ಕೆಳಗೆ ಅಡಗಿಸಿದ. ಅವನಿಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಪ್ರತಿ ಮೂಟೆಯೊಳಗೂ ಎಷ್ಟು ದುಡ್ಡಿದೆ ಅಂತ ಒಂದು ಚೀಟಿ ಇತ್ತು. ಲೆಕ್ಕ ತಾಳೆ ಆಗಲಿಲ್ಲ. ಅಧಿಕಾರಿಗಳು ತಲೆ ಕೆರೆದುಕೊಳ್ಳುತ್ತಿದ್ದಾಗ ಗಿಲಿಪ್ಪಸ್‌ನ ಆಳು ನೇರ ಹೇಳಲು ಹೆದರಿ ಒಗಟಿನ ಹಾಗೆ ಅಂದ: ಹೆಂಚಿನ ಕೆಳಗೆ ಬಹಳ ಗೂಬೆಗಳು ಮಲಗಿವೆ.

ಕತ್ತಲಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಲೆಕ್ಕದಲ್ಲಿ ಫೇಲಾದ ಹುಡುಗನೇ ಮೊದಲು, “ದುಡ್ಡು ಮಿಸ್!” ಅಂತ ಕೂಗಿದ.

ಆ ಗೂಬೆ ಇವತ್ತಿಗೂ ಓಡಾಡುತ್ತಿದೆ. ಗ್ರೀಸ್ ದೇಶದ ಒಂದು ಯೂರೋ ನಾಣ್ಯದ ಮೇಲೆ ಆ ಹಳೇ ನಾಣ್ಯದ ಚಿತ್ರವೇ ಇದೆ. ಜರ್ಮನಿಯಿಂದಲೋ ಫ್ರಾನ್ಸಿನಿಂದಲೋ ಬಂದವರ ಮನೆಯಲ್ಲಿ ಯೂರೋ ಚಿಲ್ಲರೆ ಇದ್ದರೆ ಕೆದಕಿ ನೋಡಿ. ಸಿಕ್ಕರೆ ಮಕ್ಕಳ ಕೈಗೆ ಕೊಡಿ, ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಅಥೆನ್ಸಿನಿಂದ ನ್ಯೂಕ್ಯಾಸಲ್‌ವರೆಗಿನ ದಾರಿಯನ್ನು ಬೇಗ ದಾಟಬಹುದು. ರೋಮಿನ ಸಿಸೆರೊ ಈ ಗೂಬೆಯನ್ನು ಪತ್ರದಲ್ಲಿ ಬಳಸುತ್ತಾನೆ. ಹೊರೇಸ್ ‘ಕಾಡಿಗೆ ಸೌದೆ ಹೊರೋದು’ ಅಂದ, ರೋಮಿನವನು ಗ್ರೀಕಿನಲ್ಲಿ ಪದ್ಯ ಬರೆಯೋ ಚಪಲಕ್ಕೆ. ಎರಡನೇ ಶತಮಾನದ ಲೂಸಿಯನ್ ತನ್ನ ಒಂದು ಬರಹ ಕಳಿಸುತ್ತಾ, ಅಲ್ಲಿ ಗೂಬೆ ಬೇಕಾದಷ್ಟಿವೆ, ಇನ್ನೊಬ್ಬ ಹೊತ್ತುಕೊಂಡು ಹೋದರೆ ನಗೆಪಾಟಲು ಅಂತ ಗಾದೆಯನ್ನು ಬಿಡಿಸಿಯೇ ಹೇಳುತ್ತಾನೆ. 1500ರಲ್ಲಿ ಎರಾಸ್ಮಸ್ ಹಳೇ ಗಾದೆಗಳನ್ನು ಕೂಡಿಸಿ ಪ್ಯಾರಿಸ್‌ನಲ್ಲಿ ಅಚ್ಚು ಹಾಕಿಸಿದ. ಆ ಸಂಗ್ರಹ ಬೆಳೆದು ಬೆಳೆದು ನಾಲ್ಕು ಸಾವಿರ ದಾಟಿತು, ಯುರೋಪಿನ ಓದಿದವರ ಬಾಯಿಗೆಲ್ಲ ಬಂತು. ಗೂಬೆಯೂ ಅದರಲ್ಲಿದೆ. ಜರ್ಮನಿಯವರು ಈಗಲೂ ಗೂಬೆಯನ್ನೇ ಅಥೆನ್ಸಿಗೆ ಹೊರುತ್ತಾರೆ. ಇಂಗ್ಲಿಷಿನವರು ಕಲ್ಲಿದ್ದಲಿಗೆ ಬದಲಾಯಿಸಿಕೊಂಡರು. ರಷ್ಯಾದವರು ತುಲಾ ಊರಿಗೆ ಸಮೋವಾರ್, ಅಂದರೆ ಚಹಾಕ್ಕೆ ನೀರು ಕಾಯಿಸುವ ಪಾತ್ರೆ, ಒಯ್ಯುತ್ತಾರೆ. ಪರ್ಷಿಯಾದವರು ಕೆರ್ಮಾನಿಗೆ ಜೀರಿಗೆ. ಹಿಂದಿಯವರು ಬರೇಲಿಗೆ ಬಿದಿರು. ನನ್ನ ಟ್ಯೂಷನ್ನಿನ ಒಬ್ಬ ಹುಡುಗಿಯ ಅಜ್ಜಿ ಮಲಯಾಳಿ. ಮಾರನೇ ದಿನ ಅವಳು ಅಜ್ಜಿಯಿಂದ ‘ಕೊಲ್ಲಕ್ಕುಡಿಯಲ್ಲಿ ಸೂಜಿ ಮಾರೋದು’ ಅಂತ ಕೇಳಿಕೊಂಡು ಬಂದಳು. ಕೊಲ್ಲ ಅಂದರೆ ಕಮ್ಮಾರ. ಕಮ್ಮಾರನ ಮನೆಗೇ ಹೋಗಿ ಸೂಜಿ ಮಾರೋದು! ನನಗೆ ಇವೆಲ್ಲದರಲ್ಲಿ ಅದೇ ಜಾಸ್ತಿ ಇಷ್ಟ, ಅದಕ್ಕೆ ನಕ್ಷೆಯೇ ಬೇಡ.

ನಾಲ್ಕನೇ ಕೆಲಸ, ಸ್ವಂತ ಮಾಡಿಸುವುದು. ನಮ್ಮ ಕೊಡಗಿನ ಲೆಕ್ಕದಲ್ಲಿ ಒಂದು ಬರೆದುಕೊಂಡು ಬನ್ನಿ ಅಂದೆ. ಒಳ್ಳೊಳ್ಳೆ ತಪ್ಪುಗಳು ಬಂದವು. ತಪ್ಪಿನಿಂದಲೇ ನಿಯಮ ತಿಳಿಯೋದು.

ಒಬ್ಬ ಬರೆದ: ‘ಮಡಿಕೇರಿಗೆ ಮಂಜು ಒಯ್ದಂತೆ.’ ಕೇಳೋಕೆ ಚೆನ್ನಾಗಿದೆ. ಆದರೆ ಮಂಜು ಹೊರುವುದು ಯಾರು, ಹೇಗೆ? ಹೊರಲು ಆಗುವ ಸಾಮಾನು ಇರಬೇಕು. ಬೆನ್ನು ನೋಯಬೇಕು, ಆಗ ತಾನೇ ನಗು.

ಇನ್ನೊಬ್ಬಳು: ‘ಭಾಗಮಂಡಲಕ್ಕೆ ಕೊಡೆ ಮಾರಲು ಹೋದಂತೆ.’ ಇದು ಪೂರ್ತಿ ಉಲ್ಟಾ. ಜುಲೈನಲ್ಲಿ ಭಾಗಮಂಡಲಕ್ಕೆ ಕೊಡೆ ಒಯ್ದವನು ಬುದ್ಧಿವಂತ, ಸಂಜೆಯೊಳಗೆ ಖಾಲಿ ಮಾಡಿಕೊಂಡು ಬರುತ್ತಾನೆ. ಅಲ್ಲಿ ರಾಶಿ ಇರುವುದು ಮಳೆ, ಕೊಡೆ ಅಲ್ಲ.

‘ದುಬಾರೆಗೆ ಆನೆ’ ಅಂತ ಒಬ್ಬ ಬಹಳ ಹೆಮ್ಮೆಯಿಂದ ಓದಿದ. ನನಗೂ ಮೊದಲು ಸರಿ ಅನ್ನಿಸಿತು. ಪಕ್ಕದಲ್ಲಿದ್ದವನು, “ಹಿಡಿದ ಆನೆನ ಅಲ್ಲಿಗೇ ತಾನೇ ತಗೊಂಡು ಹೋಗೋದು?” ಅಂದ. ಹೌದಲ್ಲ. ತೋಟಕ್ಕೆ ನುಗ್ಗುವ ಆನೆ ಹಿಡಿದರೆ ಲಾರಿಯಲ್ಲಿ ತಂದು ಪಳಗಿಸಲು ಕ್ರಾಲ್‌ಗೆ, ಅಂದರೆ ಮರದ ದಿಮ್ಮಿಯ ದೊಡ್ಡಿಗೆ, ಹಾಕುವುದು ದುಬಾರೆಯಂಥ ಕ್ಯಾಂಪಿನಲ್ಲೇ. ದುಬಾರೆಗೆ ಆನೆ ಒಯ್ಯೋದು ದಿನನಿತ್ಯದ ಸರ್ಕಾರಿ ಕೆಲಸ. ಹಾಗಾಗಿ ಸಾಮಾನು ಆ ಊರಿಂದ ಹೊರಗೆ ಹೋಗುವಂಥದ್ದಾಗಿರಬೇಕು, ಒಳಗೆ ಬರುವಂಥದ್ದಲ್ಲ.

ಗೆದ್ದದ್ದು ಕಿತ್ತಳೆ ಬಣ್ಣದ ರಿಬ್ಬನ್ ಹಾಕಿಕೊಂಡು ಬರುವ, ಯಾವಾಗಲೂ ಕೊನೆಗೆ ಮಾತಾಡುವ ಹುಡುಗಿ: ‘ತಲಕಾವೇರಿಗೆ ತೀರ್ಥ ಹೊತ್ತುಕೊಂಡು ಹೋದಂತೆ.’ ತುಲಾ ಸಂಕ್ರಮಣದ ದಿನ ಅಕ್ಟೋಬರ್‌ನಲ್ಲಿ ತೀರ್ಥೋದ್ಭವಕ್ಕೆ ಹೋದವರೆಲ್ಲ ಬಿಂದಿಗೆ, ಬಾಟಲಿ, ಕ್ಯಾನ್ ಹಿಡಿದು ಕೆಳಗಿಳಿಯುತ್ತಾರೆ. ಎದುರಿನಿಂದ ಒಬ್ಬ ತುಂಬಿದ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾನೆ ಅಂದುಕೊಳ್ಳಿ. ಹೊರಬಹುದು, ಭಾರ ಇದೆ, ಅಲ್ಲಿಂದಲೇ ಹೊರಗೆ ಹೋಗುವಂಥದ್ದು. ಮೂರಕ್ಕೆ ಮೂರೂ ಸರಿ.

ಐದನೇ ಕೆಲಸವನ್ನು ನಾನೂ ತಡವಾಗಿ ಕಲಿತೆ. ರಾಶಿ ಇನ್ನೂ ಅಲ್ಲೇ ಇದೆಯಾ ಅಂತ ನೋಡಬೇಕು. ‘ಕೊಡಗಿಗೆ ಕಿತ್ತಳೆ’ ಅಂತ ನಮ್ಮ ಮಾವನ ಕಾಲದಲ್ಲಿ ಧಾರಾಳವಾಗಿ ಅನ್ನಬಹುದಿತ್ತು. ಕಾಫಿ ಗಿಡದ ನಡುನಡುವೆ ಕಿತ್ತಳೆ ಮರ, ಸಿಪ್ಪೆ ಸಡಿಲ, ಹುಳಿ ಸಿಹಿ ಎರಡೂ ಸೇರಿದ ರುಚಿ. ಗ್ರೀನಿಂಗ್ ರೋಗ ಬಂತು, ಮರ ಒಣಗಿದವು. ಹೋದ ಡಿಸೆಂಬರ್‌ನಲ್ಲಿ ಮಡಿಕೇರಿಯಲ್ಲಿ ಗಾಡಿಯವನ ಹತ್ತಿರ ಎಲ್ಲಿಯ ಹಣ್ಣು ಅಂತ ಕೇಳಿದೆ. “ನಾಗ್ಪುರದ್ದು ಅಕ್ಕ” ಅಂದ. ಕೊಡಗಿಗೆ ಕಿತ್ತಳೆ ಈಗ ಗಾದೆ ಅಲ್ಲ, ವ್ಯಾಪಾರ. ನ್ಯೂಕ್ಯಾಸಲ್‌ನಲ್ಲೂ ಅಷ್ಟೇ. ಆ ಭಾಗದ ಕೊನೆಯ ಆಳದ ಗಣಿ, ಎಲಿಂಗ್ಟನ್, 2005ರಲ್ಲಿ ಮುಚ್ಚಿತು. ಟೈನ್ ಬಂದರಿಗೆ ಹೊರದೇಶದ ಕಲ್ಲಿದ್ದಲು ಹಡಗಿನಲ್ಲಿ ಬಂದು ಇಳಿದದ್ದೂ ಆಯಿತು. ಗಾದೆಗೆ ಆಧಾರವಾಗಿದ್ದ ರಾಶಿ ಕರಗಿದೆ, ಗಾದೆ ಮಾತ್ರ ಓಡುತ್ತಿದೆ. ಇದನ್ನು ಮಕ್ಕಳಿಗೆ ಹೇಳಿ. ಪರೀಕ್ಷೆಗೆ ಬೇಡ, ಆದರೂ ಹೇಳಿ.

ಕೊನೆಗೆ, ಬಳಸುವ ಹದ. ಬೇರೆಯವರು ಪ್ರೀತಿಯಿಂದ ತಂದದ್ದಕ್ಕೆ ಈ ಮಾತು ಅಂದರೆ ಚುಚ್ಚುತ್ತದೆ, ನನ್ನ ಮೈದುನ ಅಂದ ಹಾಗೆ. ನಾವು ತಂದದ್ದಕ್ಕೆ ನಾವೇ ಅಂದುಕೊಂಡರೆ ಸೊಗಸು. ಸಿಸೆರೊ ಮಾಡಿದ್ದು ಇದನ್ನೇ. ಕ್ರಿ.ಪೂ. 54ರಲ್ಲಿ ಅವನ ತಮ್ಮ ಕ್ವಿಂಟಸ್ ಸೀಸರನ ಸೈನ್ಯದ ಜೊತೆ ಬ್ರಿಟನ್ನಿನ ದಂಡಯಾತ್ರೆಯಲ್ಲಿದ್ದ. ಅಲ್ಲಿಂದ ಅಣ್ಣನಿಗೆ ಪದ್ಯ ಬರೆದು ಕಳಿಸು ಅಂತ ಕೇಳಿದ್ದ. ತಮ್ಮ ತಾನೇ ಕವಿತೆ ಕಟ್ಟುವವನು. ಹಾಗಾಗಿ ಸಿಸೆರೊ, ನೀನು ಕೇಳಿದ ಪದ್ಯ ಕಳಿಸುತ್ತೇನೆ, ಅಥೆನ್ಸಿಗೆ ಗೂಬೆ, ಅಂತ ಬರೆದ. ನ್ಯೂಕ್ಯಾಸಲ್‌ನ ಕಲ್ಲಿದ್ದಲಿಗಿಂತ ಎಷ್ಟೋ ಮೊದಲೇ, ಕಾಗದದ ಮೇಲೆ ಗೂಬೆ ಆ ಕಡೆಗೆ ಹೊರಟಿತ್ತು. ಅಣ್ಣ ತಮ್ಮಂದಿರ ನಡುವೆ ಅದೆಷ್ಟು ಚೆಂದದ ವಿನಯ ನೋಡಿ. ಅಪ್ಪನೂ ಅವತ್ತು ಅಂಗಳದಲ್ಲಿ, “ಕಾಫಿ ಮನೆಗೆ ಕಾಫಿ ತಂದೆ ಬೀಗರೇ, ನಗಬೇಡಿ” ಅಂದಿದ್ದರೆ ಮೈದುನನಿಗೆ ಮಾತೇ ಉಳಿಯುತ್ತಿರಲಿಲ್ಲ.

ಪರೀಕ್ಷೆಗೆ ಒಂದು ವಾಕ್ಯ ಬೇಕಲ್ವಾ? ನಮ್ಮ ಹುಡುಗ ಈ ಸಲ ಬರೆದದ್ದು, ಇಂಗ್ಲಿಷಿನಲ್ಲಿ, ಸರಿಯಾಗಿ: ಕಾಫಿ ಬೆಳೆಗಾರನಿಗೆ ಕಾಫಿಕಾಯಿ ಉಡುಗೊರೆ ಕೊಡೋದು ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಹೊತ್ತಂತೆ.

ಕಾಫಿಕಾಯಿ ಅಂತ ಬರೆದ, ಕಾಫಿಪುಡಿ ಅಂತ ಅಲ್ಲ. ಅದಕ್ಕೆ ಕಾರಣ ಇದೆ, ಆ ಎರಡು ಕೆಜಿ ಪೊಟ್ಟಣದ ಉಳಿದ ಕತೆಯನ್ನೂ ಮಕ್ಕಳಿಗೆ ಹೇಳಿದ್ದೆ. ಅಪ್ಪ ಊರಿಗೆ ಹೋದ ಒಂದು ವಾರಕ್ಕೆ, ಮಧ್ಯಾಹ್ನ ಗಂಡಸರು ತೋಟದಲ್ಲಿದ್ದಾಗ, ಅತ್ತೆ ಅಡುಗೆಮನೆ ಬಾಗಿಲು ಅರ್ಧ ಮುಚ್ಚಿ ಆ ಪೊಟ್ಟಣ ಬಿಚ್ಚಿದರು. ಒಳ್ಳೆ ಕಾಯಿ ಎಲ್ಲ ಚೀಲಕ್ಕೆ ಹೋಗಿ ವ್ಯಾಪಾರಿಗೆ ತೂಕ ಆಗುತ್ತಿತ್ತು. ಮನೆಗೆ ಉಳಿಯುತ್ತಿದ್ದದ್ದು ಗಿಡದ ಬುಡದಲ್ಲಿ ಗುಡಿಸಿ ಹೆಕ್ಕಿದ್ದು. ಅದನ್ನು ಹುರಿದು ಕುಟ್ಟಿ ಬೆಲ್ಲ ಹಾಕಿ ಕುದಿಸಿದರೆ ಅದೇ ನಮ್ಮ ಕಾಫಿ. ಅತ್ತೆ ಮೈಸೂರಿನ ಪುಡಿಗೆ ಬಿಸಿನೀರು ಹೊಯ್ದು, ಹಾಲು ಬೆರೆಸಿ, ಒಂದು ಲೋಟ ನನಗೆ ಕೊಟ್ಟು ಒಂದು ತಾವು ಕುಡಿದರು. ಉಳಿದ ಪುಡಿಯನ್ನು ಬಿಸ್ಕತ್ತಿನ ಡಬ್ಬಿಗೆ ಸುರಿದು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟರು. ನಾನು ಮುಂದಿನ ಸಲ ತವರಿಗೆ ಹೊರಟಾಗ ಬಸ್‌ಸ್ಟಾಪಿನವರೆಗೂ ಬಂದರು. ಬಸ್ ಹತ್ತುವಾಗ ಕಿವಿಯ ಹತ್ತಿರ, “ಬರುವಾಗ ಆ ಪುಡಿ ಒಂದು ಕೆಜಿ ತಾ. ಮಾವನಿಗೆ ಹೇಳಬೇಡ” ಅಂದರು.